ಕರ್ಣನ ಅಪ್ಪ ಯಾರೆಂದು ಕೇಳಿದವರಿಗೆ

ಕರ್ಣ ಅಧಿರಥನ ಮಗ. ಕರ್ಣಭೇದನದ ತಾಳಮದ್ದಳೆಯೊಂದು ಮುಗಿದ ಮೇಲಿನ ಮಾತುಕತೆಯಲ್ಲಿ ಹೀಗೆಂದೆ, ಆಮೇಲೆ ಬರೆದೂ ಬರೆದೆ. ಸಾಕುಮಗ ಎನ್ನಲಿಲ್ಲ, ಹೆಸರಿಗೆ ಮಗ ಎನ್ನಲಿಲ್ಲ, ಮಗ ಎಂದೆ. ಅಷ್ಟಕ್ಕೇ ಅಂಕೋಲೆಯಿಂದ ಕಾರವಾರದ ತನಕ ಮುನಿಸು. ಹಿರಿಯ ಅರ್ಥಧಾರಿಯೊಬ್ಬರು "ಸೂರ್ಯಪುತ್ರನನ್ನು ತಂದು ಕುದುರೆ ಲಾಯದಲ್ಲಿ ಕಟ್ಟಿಬಿಟ್ರಲ್ಲ ಮಾರಾಯ್ರೆ" ಎಂದರು. ಕಾರವಾರದ ವಕೀಲರೊಬ್ಬರು ಧರ್ಮಶಾಸ್ತ್ರ ಎತ್ತಿಕೊಂಡು ಬಂದರು. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯರಿಗೆ ನಾನು ಜಾತಿಯ ಗಾಯವನ್ನು ಮುಚ್ಚಿಹಾಕುವವನ ಹಾಗೆ ಕಂಡೆ. ಈ ಮೂವರೂ ಒಬ್ಬರ ಮಾತನ್ನು ಒಬ್ಬರು ಒಪ್ಪುವವರಲ್ಲ, ನನ್ನ ವಿರುದ್ಧ ಮಾತ್ರ ಒಂದಾಗಿದ್ದಾರೆ. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಉತ್ತರ ಕೊಡಲು ಬರುವುದಿಲ್ಲ.

ಮೊದಲು ಅರ್ಥಧಾರಿಗಳ ಸೂರ್ಯ. ಹುಟ್ಟುವಾಗಲೇ ಕವಚಕುಂಡಲ ತೊಟ್ಟುಬಂದವನಿಗೆ ಬೇರೆ ಸಾಕ್ಷಿ ಯಾಕೆ ಎಂಬುದು ಅವರ ಮಾತು. ಬೇಡವೇ ಬೇಡ. ಸೂರ್ಯನಿಂದ ಹುಟ್ಟಿದ ಎಂಬುದನ್ನು ನಾನು ಅಲ್ಲಗಳೆದದ್ದೇ ಇಲ್ಲ. ಆದರೆ ವನಪರ್ವದ ಕಥೆಯನ್ನು ಒಮ್ಮೆ ಪೂರ್ತಿ ಓದಬೇಕು. ಮೇಣ ಮೆತ್ತಿದ ಪೆಟ್ಟಿಗೆಯಲ್ಲಿ ಕೂಸನ್ನಿಟ್ಟು ಅಶ್ವನದಿಗೆ ಬಿಟ್ಟಳು ಕುಂತಿ. ಅಲ್ಲಿಂದ ಚರ್ಮಣ್ವತಿ, ಅಲ್ಲಿಂದ ಯಮುನೆ, ಅಲ್ಲಿಂದ ಗಂಗೆ, ಕೊನೆಗೆ ಚಂಪಾನಗರಿ. ಇಷ್ಟು ದೂರ ತೇಲುವಾಗ ಸೂರ್ಯ ಮೇಲೆಯೇ ಇದ್ದ. ಪೆಟ್ಟಿಗೆಯನ್ನು ಕಂಡು ಹಿಡಿಸಿ ತರಿಸಿದವಳು ರಾಧೆ, ಬಿಚ್ಚಿ ನೋಡಿದವನು ಅಧಿರಥ. ಸೂರ್ಯನೂ ಮುಂದೆ ಎರಡು ಸಲ ಬರುತ್ತಾನೆ, ಇಲ್ಲವೆನ್ನುವುದಿಲ್ಲ. ಕನಸಿನಲ್ಲಿ ಬಂದು 'ಇಂದ್ರನಿಗೆ ಕವಚ ಕೊಡಬೇಡ' ಎಂದು ಬುದ್ಧಿ ಹೇಳುತ್ತಾನೆ. ಗಂಗೆಯ ದಡದಲ್ಲಿ ಕುಂತಿಯ ಮಾತು ನಿಜವೆಂದು ಮೇಲಿನಿಂದಲೇ ಸಾಕ್ಷಿ ನುಡಿಯುತ್ತಾನೆ. ಒಮ್ಮೆ ಉಪದೇಶ, ಒಮ್ಮೆ ಸಾಕ್ಷಿ. ಕೂಸಿನ ಉಚ್ಚೆ ಬಾಚಿದವಳು ಮಾತ್ರ ರಾಧೆ. ಇದು ನನ್ನ ಅಲಂಕಾರವಲ್ಲ, ಉದ್ಯೋಗಪರ್ವದಲ್ಲಿ ಕರ್ಣ ಕೃಷ್ಣನಿಗೆ ಕೊಡುವ ಕಾರಣಗಳ ಪಟ್ಟಿಯಲ್ಲಿಯೇ ಇದೆ.

ಆ ಪಟ್ಟಿಯನ್ನು ನಮ್ಮ ಅರ್ಥಧಾರಿಗಳು ಯಾಕೋ ಗಡಿಬಿಡಿಯಲ್ಲಿ ದಾಟಿಬಿಡುತ್ತಾರೆ. ಕರ್ಣ ಅಲ್ಲಿ ಋಣದ ಮಾತು ಮಾತ್ರ ಆಡುವುದಿಲ್ಲ, ದಾಖಲೆ ಒಪ್ಪಿಸುತ್ತಾನೆ. ತನ್ನನ್ನು ಕಂಡ ದಿನವೇ ರಾಧೆಯ ಎದೆಯಲ್ಲಿ ಹಾಲು ಬಂತು. ಅಧಿರಥ ಶಾಸ್ತ್ರೋಕ್ತವಾಗಿ ಜಾತಕರ್ಮ ಮಾಡಿಸಿದ, ಬ್ರಾಹ್ಮಣರಿಂದ ವಸುಷೇಣ ಎಂದು ಹೆಸರಿಡಿಸಿದ, ಪ್ರಾಯಕ್ಕೆ ಬಂದಾಗ ಮದುವೆ ಮಾಡಿಸಿದ. ಆ ಹೆಂಡಿರಲ್ಲಿ ಮಕ್ಕಳಾದರು, ಮೊಮ್ಮಕ್ಕಳಾದರು. ಇಡೀ ಭೂಮಿ ಕೊಟ್ಟರೂ, ರಾಶಿ ಹೊನ್ನು ಸುರಿದರೂ ಈ ಸಂಬಂಧವನ್ನು ಸುಳ್ಳು ಮಾಡಲಾರೆ ಎನ್ನುತ್ತಾನೆ. ಇದನ್ನು ಹೇಳುವಾಗ ಅವನಿಗೆ ತನ್ನ ಹುಟ್ಟು ಗೊತ್ತು, ಸಿಂಹಾಸನ ಕೈಗೆಟಕುವಷ್ಟು ಹತ್ತಿರ ಇದೆ ಎಂಬುದೂ ಗೊತ್ತು. ಗೊತ್ತಿಲ್ಲದವನ ಮಾತಾಗಿದ್ದರೆ ಅದನ್ನು ನಾನೂ ಅಷ್ಟು ಹಿಡಿದುಕೊಳ್ಳುತ್ತಿರಲಿಲ್ಲ.

ಇನ್ನು ಅವರ ಎರಡನೆಯ ಬಾಣ. "ಅವನನ್ನು ಸೂತಪುತ್ರನೆಂದು ನೀವೇ ಒಪ್ಪಿದರೆ, ರಂಗದಲ್ಲಿ ಕೃಪಾಚಾರ್ಯರು ಕೇಳಿದ್ದು ಸರಿಯೆಂದೇ ಆಯಿತಲ್ಲ? ಸರಿಸಮರೊಡನೆ ಮಾತ್ರ ದ್ವಂದ್ವ, ಅದು ಕ್ಷತ್ರಿಯರ ಪದ್ಧತಿ." ಈ ಪ್ರಶ್ನೆ ಬಂದದ್ದು ಒಳ್ಳೆಯದಾಯಿತು, ಯಾಕೆಂದರೆ ಇಡೀ ಜಗಳ ಆ ರಂಗದಲ್ಲಿಯೇ ಹುಟ್ಟಿದ್ದು.

ಹಸ್ತಿನಾವತಿಯ ರಾಜಕುಮಾರರ ವಿದ್ಯಾಪ್ರದರ್ಶನ ನಡೆದಿದೆ. ಅರ್ಜುನ ತೋರಿಸಿದ್ದನ್ನೆಲ್ಲ ತಾನೂ ತೋರಿಸಿದ ಅಪರಿಚಿತ ವೀರನೊಬ್ಬ ದ್ವಂದ್ವಕ್ಕೆ ಕರೆದಿದ್ದಾನೆ. ಆಗ ಕೃಪ ಎದ್ದು, ಇವನು ಪಾಂಡುವಿನ ಮಗ, ಕುಂತಿಯ ಮಗ, ನಿನ್ನ ತಾಯಿ ಯಾರು, ತಂದೆ ಯಾರು, ಕುಲ ಯಾವುದು ಎಂದು ಕೇಳುತ್ತಾನೆ. ಯಾರು ಕೇಳುತ್ತಿದ್ದಾರೆ ನೋಡಿ. ಜೊಂಡಿನ ಪೊದೆಯಲ್ಲಿ ಬಿದ್ದುಕೊಂಡಿದ್ದ ಅನಾಥ ಕೂಸು ಕೃಪ. ಶಂತನು ರಾಜನ ಬೇಟೆಯ ಪರಿವಾರದವರು ಕಂಡು ತಂದದ್ದು, ರಾಜ ಕೃಪೆಯಿಂದ ಸಾಕಿದ್ದು. ಅವನ ತಂಗಿ ಕೃಪಿಯೂ ಹಾಗೇ. ಪಕ್ಕದಲ್ಲಿ ಕೂತ ಭಾವ ದ್ರೋಣ ಪಾತ್ರೆಯಲ್ಲಿ ಹುಟ್ಟಿದವನು. ಕೃಪನ ಪ್ರಶ್ನೆಯನ್ನು ಕೃಪನಿಗೇ ಕೇಳಿದ್ದರೆ ಹಸ್ತಿನಾವತಿಗೆ ಆಚಾರ್ಯರೇ ಇರುತ್ತಿರಲಿಲ್ಲ. ದುರ್ಯೋಧನ ಆ ಹೊತ್ತಿನಲ್ಲಿ ಕರ್ಣನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ್ದು ಎಲ್ಲರಿಗೂ ನೆನಪಿದೆ. ಆಮೇಲೆ ಭೀಮನಿಗೆ ಅವನು ಕೊಟ್ಟ ಉತ್ತರ ಅಷ್ಟಾಗಿ ನೆನಪಿಲ್ಲ. ಶೂರರ ಮೂಲವನ್ನೂ ನದಿಗಳ ಮೂಲವನ್ನೂ ತಿಳಿಯುವುದು ಕಷ್ಟ ಎಂದು ಅವನು ವಾದಿಸುತ್ತಾನೆ, ದ್ರೋಣ ಕೃಪರ ಹುಟ್ಟನ್ನೇ ಉದಾಹರಣೆಗೆ ಎತ್ತುತ್ತಾನೆ. ಖಳನ ಬಾಯಿಂದ ಬಂತೆಂದು ಮಾತು ಸುಳ್ಳಾಗುವುದಿಲ್ಲ. ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಧಾರವಾಡದ ಕಡೆ ಹುಟ್ಟಿ ಬೇಡ್ತಿ ಎನಿಸಿಕೊಂಡ ಹೊಳೆ ನಮ್ಮಲ್ಲಿಗೆ ಬರುವಾಗ ಗಂಗಾವಳಿ, ಮಂಜಗುಣಿಯಲ್ಲಿ ಅದನ್ನು ದಾಟುವವರು ಯಾರೂ ಧಾರವಾಡವನ್ನು ನೆನೆಯುವುದಿಲ್ಲ.

ಆದರೆ ನನ್ನ ವಾದಕ್ಕೆ ಆಧಾರ ದುರ್ಯೋಧನನ ಮಾತಲ್ಲ, ಪಟ್ಟಕ್ಕೂ ಆ ಮಾತಿಗೂ ನಡುವೆ ನಡೆದ ಒಂದು ಸಂಗತಿ. ಪಟ್ಟವಾದ ಕೂಡಲೇ, ಮೈಯೆಲ್ಲ ಬೆವರಿ, ಉತ್ತರೀಯ ಜಾರಿ, ಕೋಲೂರಿಕೊಂಡು ನಡುಗುತ್ತ ಒಬ್ಬ ಮುದುಕ ರಂಗದೊಳಗೆ ಬರುತ್ತಾನೆ. ಅಧಿರಥ. ಕರ್ಣ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು, ಯಾರೋ ಹಳೆಯ ಸಾರಥಿ ಎಂದು ಸಭೆ ಭಾವಿಸುತ್ತಿತ್ತು. ಕೃಪನ ಪ್ರಶ್ನೆಗೆ ಆಗಿನ್ನೂ ಉತ್ತರ ಬಂದಿರಲಿಲ್ಲ. ಕರ್ಣ ಬಿಲ್ಲು ಕೆಳಗಿಟ್ಟ, ಅಭಿಷೇಕದ ನೀರಿನ್ನೂ ಆರದ ತಲೆಯನ್ನು ಅವನ ಕಾಲಿಗೆ ಬಗ್ಗಿಸಿದ. ಮುದುಕ ಮಗನೇ ಎಂದು ತಬ್ಬಿಕೊಂಡ. ಕೃಪ ಕೇಳಿದ್ದಕ್ಕೆ ಕರ್ಣ ಕೊಟ್ಟ ಉತ್ತರ ಇದು, ಇಡೀ ರಾಜಸಭೆಯ ಎದುರು, ಬಾಯಿ ಬಿಡದೆ. ಇದರ ಬೆನ್ನಿಗೇ ಭೀಮ, ಬಿಲ್ಲು ಬಿಡು, ಚಾವಟಿ ಹಿಡಿ ಎಂದು ಹಂಗಿಸಿದ್ದು. ಹಂಗಿಸಿದ್ದು ತಪ್ಪು ಎಂದು ನೀವೂ ಹೇಳುತ್ತೀರಿ, ನಾನೂ ಹೇಳುತ್ತೇನೆ. ಆದರೆ ನೀವು ಅದನ್ನು ತಪ್ಪೆನ್ನುವುದು ಅವನು ನಿಜಕ್ಕೂ ಸೂತನಲ್ಲ ಎಂಬ ಕಾರಣಕ್ಕೆ. ಈ ಎಳೆಯನ್ನು ಆಮೇಲೆ ಹಿಡಿಯುತ್ತೇನೆ.

ಅದೇ ರಂಗದಲ್ಲಿ ಹೆಂಗಸರ ಕಡೆ ಕುಂತಿಯೂ ಕೂತಿದ್ದಳು. ಮಗನ ಗುರುತು ಸಿಕ್ಕಿ ಮೂರ್ಛೆ ಹೋದಳು, ವಿದುರ ಗಂಧೋದಕ ಚಿಮುಕಿಸಿ ಎಬ್ಬಿಸಿದ. ಎದ್ದಳು, ಮಾತಾಡಲಿಲ್ಲ. ಕೂಸು ಚಂಪೆಯ ಸೂತನ ಮನೆಯಲ್ಲಿ ಬೆಳೆಯುತ್ತಿದೆ ಎಂಬುದೂ ಚಾರರ ಮೂಲಕ ಅವಳಿಗೆ ಗೊತ್ತಿತ್ತು. ಇದನ್ನು ಅವಳನ್ನು ಬೈಯಲು ಹೇಳುತ್ತಿಲ್ಲ. ಮದುವೆಯಾಗದ ಹುಡುಗಿಯನ್ನು ಆ ಪಾಡಿಗೆ ತಂದ ವರ, ಆ ದೇವರು, ಆ ಅರಮನೆ ಇವಕ್ಕೆಲ್ಲ ಬೇರೆಯೇ ಲೆಕ್ಕವಿದೆ.

ವಕೀಲರ ಆಕ್ಷೇಪ ನಿಜವಾಗಿ ಗಟ್ಟಿ. "ಕನ್ಯೆಗೆ ಹುಟ್ಟಿದವನು ಕಾನೀನ. ಕಾನೀನ ಅವಳನ್ನು ಮದುವೆಯಾದವನ ಮಗ. ಕೃಷ್ಣನೇ ಹೀಗೆ ಹೇಳಿ ನೀನು ಧರ್ಮತಃ ಪಾಂಡುವಿನ ಮಗ ಎಂದ. ಕೃಷ್ಣನಿಗಿಂತ ಶಾಸ್ತ್ರ ಬಲ್ಲವರೋ ನೀವು?" ಅಲ್ಲಪ್ಪ. ಆದರೆ ಕೃಷ್ಣ ಆ ಹೊತ್ತಿಗೆ ನ್ಯಾಯಾಧೀಶನಲ್ಲ, ಒಂದು ಪಕ್ಷದ ವಕೀಲ. ತನ್ನ ಕಕ್ಷಿಗೆ ಬೇಕಾದ ಕಲಮು ಮಾತ್ರ ಓದಿದ, ಅದು ಅವನ ಕೆಲಸ. ಮನುಸ್ಮೃತಿಯ 9ನೆಯ ಅಧ್ಯಾಯವನ್ನು ಇಡಿಯಾಗಿ ಓದಿದರೆ ಅಲ್ಲಿ ಹನ್ನೆರಡು ಬಗೆಯ ಮಕ್ಕಳಿದ್ದಾರೆ. ಮೊದಲ ಆರು ಬಗೆಯವರು ಬಂಧುಗಳೂ ಹೌದು, ದಾಯಾದರೂ ಹೌದು. ಮುಂದಿನ ಆರು ಬಗೆಯವರು ಬಂಧುಗಳು ಮಾತ್ರ, ಆಸ್ತಿಗೆ ಹಕ್ಕಿಲ್ಲ. ಕಾನೀನ ಎರಡನೆಯ ಗುಂಪಿನಲ್ಲಿದ್ದಾನೆ. ಮೊದಲ ಗುಂಪಿನ ಆರನೆಯವನು ಯಾರು? ಅಪವಿದ್ಧ. ತಂದೆತಾಯಿ ಇಬ್ಬರೂ ಅಥವಾ ಅವರಲ್ಲೊಬ್ಬರು ಬಿಸಾಡಿದ ಕೂಸನ್ನು ಬೇರೆ ಯಾರಾದರೂ ತನ್ನದೆಂದು ಎತ್ತಿಕೊಂಡರೆ ಆ ಕೂಸು ಎತ್ತಿಕೊಂಡವನ ಮಗ, ಅವನ ಆಸ್ತಿಗೂ ಹಕ್ಕುದಾರ. ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಗೆ ಇದಕ್ಕಿಂತ ಸರಿಯಾದ ಕಲಮು ಬೇಕೇ? ಅಂದರೆ ಮನುವಿನ ಲೆಕ್ಕದಲ್ಲಿ ಕರ್ಣ ಪಾಂಡುವಿನ ಹಕ್ಕಿಲ್ಲದ ಮಗ, ಅಧಿರಥನ ಹಕ್ಕುಳ್ಳ ಮಗ. ಕೃಷ್ಣ ಹೇಳಿದ್ದು ಸುಳ್ಳಲ್ಲ, ಅರ್ಧ.

ವಕೀಲರು ಇದಕ್ಕೆ ಮರುಉತ್ತರ ಕೊಡಬಲ್ಲರು, ಅದನ್ನೂ ನಾನೇ ಹೇಳಿಬಿಡುತ್ತೇನೆ. ಆದಿಪರ್ವದಲ್ಲಿ ಪಾಂಡು ಕಾಡಿನಲ್ಲಿ ಕುಂತಿಗೆ ಮಕ್ಕಳ ಬಗೆಗಳನ್ನು ಎಣಿಸಿ ಹೇಳುವಾಗ ಕಾನೀನನನ್ನು ಮೇಲಿನ ಆರರಲ್ಲಿಯೇ ಸೇರಿಸುತ್ತಾನೆ. ಸ್ಮೃತಿಗಳು ಒಂದೇ ಸಮ ಮಾತಾಡುವುದಿಲ್ಲ, ಒಪ್ಪಿದೆ. ಆದರೆ ಈ ಸಾಕ್ಷ್ಯ ವಕೀಲರನ್ನೇ ಕಚ್ಚುತ್ತದೆ. ಮಕ್ಕಳಿಲ್ಲದೆ ಕಂಗೆಟ್ಟ ಗಂಡ ಹೆಂಡತಿಯ ಎದುರು ಕೂತು, ಮದುವೆಗೆ ಮೊದಲು ಹುಟ್ಟಿದವನೂ ಮಗನೇ ಎಂದು ತನ್ನ ಬಾಯಿಂದಲೇ ಹೇಳುತ್ತಿದ್ದಾನೆ. ಕುಂತಿ 'ಒಬ್ಬನಿದ್ದಾನೆ' ಎಂದಿದ್ದರೆ ಆಗಲೇ ಮುಗಿಯುತ್ತಿತ್ತು. ಹೇಳಲಿಲ್ಲ, ದೂರ್ವಾಸರ ಮಂತ್ರದ ಮಾತು ಎತ್ತಿದಳು. ಹಕ್ಕು ಕೊಡಬಲ್ಲ ಒಬ್ಬನೇ ಮನುಷ್ಯ ಬದುಕಿರುವಾಗ ಕೇಳದ ಹಕ್ಕನ್ನು, ಅವನು ಸತ್ತು ಎಷ್ಟೋ ವರ್ಷಗಳ ಮೇಲೆ ಯುದ್ಧದ ಹಿಂದಿನ ದಿನಗಳಲ್ಲಿ ಕೇಳಿದರೆ ಯಾವ ಕೋರ್ಟು ಒಪ್ಪೀತು? ಇವತ್ತಿನ ಕಾನೂನಂತೂ ಇನ್ನೂ ಖಡಾಖಡಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 12ನೆಯ ಕಲಮಿನ ಪ್ರಕಾರ ದತ್ತಕವಾದ ದಿನದಿಂದ ಮಗು ದತ್ತು ತಗೊಂಡವರದ್ದೇ, ಹುಟ್ಟಿದ ಮನೆಯ ಸಂಬಂಧ ಕಡಿದಂತೆ. ಅಧಿರಥ ಇವತ್ತು ಕಾರವಾರದ ಜಿಲ್ಲಾ ನ್ಯಾಯಾಲಯಕ್ಕೆ ಬಂದರೆ ದತ್ತಕದ ಕಾಗದ ಪತ್ರ ಎಲ್ಲಿ ಎಂದು ಸತಾಯಿಸಿಯಾರು, ಅದು ಬೇರೆ.

ಕರ್ಣ ತಮ್ಮಂದಿರ ಮೇಲೆ ಕೈಯೆತ್ತಿದ ಭ್ರಾತೃದ್ರೋಹಿ ಎಂಬುದು ಇನ್ನೊಂದು ಆಪಾದನೆ. ಯಾವ ತಮ್ಮಂದಿರು? ರಾಧೆಗೆ ಆಮೇಲೆ ಮಕ್ಕಳಾದರು, ಕರ್ಣನ ಬೆನ್ನಿಗೆ ಬಿದ್ದವರು ಅವರು. ವಿರಾಟನ ಗೋಗ್ರಹಣದಲ್ಲಿ ಅರ್ಜುನ ಕೊಂದ ಸಂಗ್ರಾಮಜಿತ್ ಕರ್ಣನ ತಮ್ಮ. ಕುರುಕ್ಷೇತ್ರದಲ್ಲಿ ಅಭಿಮನ್ಯುವಿನ ಬಾಣಕ್ಕೆ ಇನ್ನೊಬ್ಬ ತಮ್ಮ ಬಿದ್ದ. ಹದಿನೇಳನೆಯ ದಿನ ಮಗ ವೃಷಸೇನನನ್ನು ಅಪ್ಪನ ಕಣ್ಣೆದುರೇ ಅರ್ಜುನ ಕೊಂದ. ಇತ್ತ ಪಾಂಡವರಲ್ಲಿ ಯುಧಿಷ್ಠಿರ, ಭೀಮ, ನಕುಲ, ಸಹದೇವ ನಾಲ್ವರೂ ಒಂದಲ್ಲ ಒಂದು ದಿನ ಕರ್ಣನ ಕೈಗೆ ಸಿಕ್ಕಿದರು, ನಾಲ್ವರನ್ನೂ ಬಿಟ್ಟ. ಕುಂತಿಗೆ ಕೊಟ್ಟ ಮಾತು ಅದು. ದ್ರೋಹ ಎಂದು ಬರೆಯುವವರು ಯಾವ ಖಾತೆಗೆ ಬರೆಯುತ್ತೀರಿ ಎಂದು ಮೊದಲು ನಿಶ್ಚಯಿಸಿಕೊಳ್ಳಿ.

ಎದುರಾಳಿಗಳು ಎತ್ತದೆ ಬಿಟ್ಟ ಒಳ್ಳೆಯ ಸಾಕ್ಷ್ಯವೊಂದಿದೆ, ದಾನವಾಗಿ ಕೊಡುತ್ತೇನೆ. ಯುದ್ಧ ಮುಗಿದು ಸತ್ತವರಿಗೆ ತರ್ಪಣ ಬಿಡುವಾಗ ಕುಂತಿ ಗುಟ್ಟು ಬಿಚ್ಚುತ್ತಾಳೆ. ಆಮೇಲೆ ಶಾಂತಿಪರ್ವದ ಶುರುವಿನಲ್ಲಿ ಯುಧಿಷ್ಠಿರ ನಾರದರ ಎದುರು ಒಂದು ಮಾತು ಹೇಳಿಕೊಂಡು ಅಳುತ್ತಾನೆ: ದ್ಯೂತಸಭೆಯಲ್ಲಿ ಕರ್ಣ ಕಟುವಾಗಿ ಆಡುವಾಗ ಅವನ ಕಾಲು ಕಂಡು ತನ್ನ ಸಿಟ್ಟು ಇಳಿದುಹೋಗುತ್ತಿತ್ತು, ಆ ಪಾದಗಳು ಕುಂತಿಯ ಪಾದಗಳ ಹಾಗಿದ್ದವು, ಯಾಕೆಂದು ಯೋಚಿಸಿದರೂ ತಿಳಿಯಲಿಲ್ಲ. ರಕ್ತಸಂಬಂಧಕ್ಕೆ ಇದಕ್ಕಿಂತ ನವಿರಾದ ಪುರಾವೆಯನ್ನು ನಾನು ಬೇರೆಲ್ಲೂ ಓದಿಲ್ಲ. ಹೋಲಿಕೆ ಇತ್ತು, ಸರಿ. ಆದರೆ ಕುಂತಿಯ ಕಾಲಿನ ಹೋಲಿಕೆಯಿಂದ ಅಧಿರಥನ ತಂದೆತನ ಹೇಗೆ ಕರಗುತ್ತದೆ? ಆ ಕಾಲಿಗೆ ನಡಿಗೆ ಕಲಿಸಿದ್ದು ಸೂತನ ಅಂಗಳದಲ್ಲಿ.

ಸೂರ್ಯನೆಂಬುದು ನೆವ, ನಿಜವಾದ ಅಪ್ಪ ದೂರ್ವಾಸ ಎಂದು ಹೊಸಕಾಲದ ಜಾಣರೊಬ್ಬರು ಪಿಸುಗುಟ್ಟಿದರು. ಇದಕ್ಕೆ ಉದ್ದದ ಉತ್ತರ ಬೇಡ. ಅತಿಥಿಯ ಸೇವೆಗೆ ಹುಡುಗಿಯನ್ನು ನೇಮಿಸಿದ್ದರು ಎಂಬುದನ್ನು ಬಿಟ್ಟರೆ ಪಠ್ಯದಲ್ಲಿ ಅದಕ್ಕೆ ಆಧಾರವಿಲ್ಲ. ಕೃಪನ ಪ್ರಶ್ನೆಯನ್ನೇ ಪ್ಯಾಂಟು ಶರ್ಟು ತೊಡಿಸಿ ನಿಲ್ಲಿಸಿದ್ದು ಅಷ್ಟೆ.

ಕಾಲೇಜಿನ ಗೆಳೆಯರಿಗೆ ಉತ್ತರ ಕೊಡಲು ನನಗೆ ಹೆಚ್ಚು ಜಾಗ ಬೇಕು. ಅವರ ಮಾತು ಹೀಗೆ: ದ್ರೋಣ ಜಾತಿಯ ಕಾರಣಕ್ಕೆ ಅವನಿಗೆ ಪಾಠ ಹೇಳಲಿಲ್ಲ, ದ್ರೌಪದಿ ಸ್ವಯಂವರದಲ್ಲಿ ಸೂತನನ್ನು ವರಿಸೆನೆಂದಳು, ಬದುಕಿಡೀ ಅವಮಾನ ಉಂಡವನನ್ನು 'ಅಧಿರಥನ ಮಗನಾಗಿ ಸುಖವಾಗಿದ್ದ' ಎಂದು ನೀವು ಚಿತ್ರಿಸುತ್ತಿದ್ದೀರಿ.

ಸುಖವಾಗಿದ್ದ ಎಂದು ನಾನು ಬರೆದಿಲ್ಲ. ಸಂಗತಿಗಳನ್ನು ಮಾತ್ರ ಸರಿಮಾಡಿಕೊಳ್ಳೋಣ. ಆದಿಪರ್ವದಲ್ಲಿ ದ್ರೋಣನ ಶಿಷ್ಯರ ಪಟ್ಟಿಯಲ್ಲಿ ಸೂತಪುತ್ರ ರಾಧೇಯನ ಹೆಸರು ಸ್ಪಷ್ಟವಾಗಿದೆ. ದ್ರೋಣ ಸೇರಿಸಿಕೊಂಡ, ಬ್ರಹ್ಮಾಸ್ತ್ರ ಕೊಡಲು ಮಾತ್ರ ಒಲ್ಲೆನೆಂದ. ವ್ರತನಿಷ್ಠ ಬ್ರಾಹ್ಮಣನಿಗೋ ತಪಸ್ಸು ಮಾಡಿದ ಕ್ಷತ್ರಿಯನಿಗೋ ಅಷ್ಟೇ ಎಂಬ ನೆಪ ಹೇಳಿದ. ಕರ್ಣ ಪರಶುರಾಮನಲ್ಲಿಗೆ ಹೋದದ್ದು ಆಮೇಲೆ. ದ್ರೌಪದಿಯ ನಿರಾಕರಣೆಯಂತೂ ಪುಣೆಯ ಭಂಡಾರಕರ್ ಸಂಸ್ಥೆ ನೂರಾರು ಹಸ್ತಪ್ರತಿಗಳನ್ನು ತಾಳೆ ನೋಡಿ 1966ಕ್ಕೆ ಮುಗಿಸಿದ ಸಂಶೋಧಿತ ಆವೃತ್ತಿಯ ಮೂಲಪಾಠದಲ್ಲಿ ಇಲ್ಲ. ಕೆಲವು ಪ್ರತಿಗಳಲ್ಲಿ ಮಾತ್ರ ಇದ್ದದ್ದರಿಂದ ಅದು ಅಡಿಟಿಪ್ಪಣಿಗೆ ಇಳಿದಿದೆ. ಇನ್ನು ಸೂತರು ಅರಮನೆಯ ಕಟ್ಟಕಡೆಯ ಆಳುಗಳೂ ಅಲ್ಲ. ಧೃತರಾಷ್ಟ್ರನ ಕಿವಿಗೂ ಮನಸ್ಸಿಗೂ ಹತ್ತಿರವಾಗಿದ್ದ ಸಂಜಯ ಸೂತ. ವಿರಾಟನ ಸೇನಾಪತಿ, ರಾಣಿಯ ಅಣ್ಣ ಕೀಚಕ ಸೂತ. ನೈಮಿಷಾರಣ್ಯದ ಋಷಿಗಳಿಗೆ ಈ ಇಡೀ ಭಾರತವನ್ನು ಹೇಳಿದ ಉಗ್ರಶ್ರವಸ್ಸೂ ಸೂತನ ಮಗನೇ.

ಹಾಗಾದರೆ ಅವಮಾನ ಸುಳ್ಳೇ? ಖಂಡಿತ ಅಲ್ಲ. ಭೀಮನ ಚಾವಟಿಯ ಮಾತು ನಿಜ, ಭೀಷ್ಮ ಅವನನ್ನು ಅರ್ಧರಥನೆಂದು ಸಭೆಯಲ್ಲಿ ಇಳಿಸಿದ್ದು ನಿಜ, ಸಾರಥಿಯಾಗಿ ಕೂತ ಶಲ್ಯ ದಾರಿಯುದ್ದಕ್ಕೂ ಚುಚ್ಚಿದ್ದು ನಿಜ. ನಮ್ಮ ನಡುವೆ ಇರುವ ಭೇದ ಈ ಅವಮಾನಕ್ಕೆ ಮದ್ದು ಯಾವುದು ಎಂಬಲ್ಲಿದೆ. 'ಅಯ್ಯೋ, ಅವನು ನಿಜಕ್ಕೂ ರಾಜಕುಮಾರ, ಜಗತ್ತಿಗೆ ಗೊತ್ತಿರಲಿಲ್ಲ' ಎಂದು ನೀವು ಕಣ್ಣೀರಿಡುತ್ತೀರಿ. ಆ ಕಣ್ಣೀರಿನೊಳಗೆ ಒಂದು ಒಪ್ಪಿಗೆ ಅಡಗಿದೆ: ನಿಜವಾದ ಸೂತನಿಗೆ ಆಗಿದ್ದರೆ ಆ ಮಾತು ತಕ್ಕದ್ದೇ ಎಂದು. ರಂಗದಲ್ಲಿ ಭೀಮ ಹಂಗಿಸಿದ್ದು ಕರ್ಣನನ್ನು ಮಾತ್ರವಲ್ಲ. ಚಾವಟಿ ಹಿಡಿದು ಬಾಳಿದ ಮುದುಕ ಅಲ್ಲೇ, ಮಗನ ತೋಳಿನಲ್ಲಿ, ನಿಂತಿದ್ದ. ಕರ್ಣನನ್ನು ಗುಟ್ಟಿನ ಕ್ಷತ್ರಿಯನನ್ನಾಗಿ ಮಾಡಿ ನೀವು ಪಾರುಮಾಡಿದರೆ ಆ ಮುದುಕನ ಮೇಲೆ ಬಿದ್ದ ಮಾತು ಅಲ್ಲೇ ಉಳಿಯುತ್ತದೆ. ಗಾಯ ಮುಚ್ಚುವವರು ಯಾರು ಈಗ? ಕರ್ಣ ಸೂತನ ಮಗ, ಸೂತನ ಮಗನಾಗಿಯೇ ಆ ಬಿಲ್ಲಿಗೆ ಯೋಗ್ಯ ಎಂದರೆ ಮಾತ್ರ ಭೀಮನಿಗೆ ಉತ್ತರ ಕೊಟ್ಟಂತೆ. ಪಂಪನ ಕರ್ಣ ಕೊಡುವುದು ಇಂಥದ್ದೇ ಉತ್ತರ. ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಕುಲದ ಮಾತೆತ್ತಿದ ದ್ರೋಣನಿಗೆ ಅವನು, ಹುಟ್ಟಿನ ಕುಲವನ್ನು ಆಚೆ ತಳ್ಳಿ, ಛಲವನ್ನೂ ಗುಣವನ್ನೂ ಪೌರುಷವನ್ನೂ ಕುಲವೆನ್ನುತ್ತಾನೆ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನೇ ಕಂಡು ಬರೆದ ಆಸ್ಥಾನಕವಿ ಪಂಪ. ಅಂಥವನು ಕೊನೆಗೆ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಿದ್ದರೆ ಕರ್ಣನನ್ನು ನೆನೆ ಎಂಬರ್ಥದ ಮಾತಾಡುತ್ತಾನಲ್ಲ, ಆ ಧೈರ್ಯ ಗಮನಿಸಬೇಕು.

ಕಡೆಯದು ಪರಂಪರೆಯ ಆಕ್ಷೇಪ. "ಕುಮಾರವ್ಯಾಸ ರವಿಸುತ ಎಂದೇ ಕರೆಯುತ್ತಾನೆ, ನಮ್ಮ ಹಿರಿಯ ಅರ್ಥಧಾರಿಗಳೆಲ್ಲ ಕರ್ಣಭೇದನದಲ್ಲಿ ಕೌಂತೇಯನಾಗಿಯೇ ಅತ್ತಿದ್ದಾರೆ." ಕರೆಯಲಿ, ಅಳಲಿ. ಆದರೆ ಗದುಗಿನ ಭಾರತದ ಆ ಭಾಗದಲ್ಲಿ ಕರ್ಣ ಅಳುವುದು ಕುಲ ಸಿಕ್ಕಿದ ಸಂತೋಷಕ್ಕಲ್ಲ. ಹುಟ್ಟಿನ ಗುಟ್ಟು ಹೇಳಿ ಕೃಷ್ಣ ತನ್ನನ್ನು ಮುಗಿಸಿದ ಎಂದೇ ಅವನಿಗೆ ಅನಿಸುತ್ತದೆ. ಯುದ್ಧಕ್ಕೆ ಮೊದಲೇ ಬಿದ್ದ ಪೆಟ್ಟು ಅದು. ಕೊಡುಗೆಯೆಂದು ನೀವು ಸಂಭ್ರಮಿಸುವುದನ್ನು ಕುಮಾರವ್ಯಾಸ ಆಯುಧವೆಂದು ಕಂಡಿದ್ದಾನೆ. ವ್ಯಾಸಭಾರತದ ಕರ್ಣನಂತೂ ಗಂಗೆಯ ದಡದಲ್ಲಿ ಕುಂತಿಗೆ ನಮಸ್ಕರಿಸುವಾಗ ತನ್ನ ಪರಿಚಯ ಹೇಳಿಕೊಳ್ಳುವುದೇ ರಾಧೆಯ ಮಗ, ಅಧಿರಥನ ಮಗ ಎಂದು. ಕೃಷ್ಣ ಆಗಲೇ ಎಲ್ಲ ಹೇಳಿಯಾಗಿತ್ತು. ಎದುರು ನಿಂತವಳು ಯಾರೆಂದು ಗೊತ್ತಿದ್ದೇ ಹೇಳಿದ ಮಾತು ಅದು.

ಪರಂಪರೆಯ ಮಾತೆತ್ತುವ ಕಾರವಾರದವರು ಇನ್ನೊಬ್ಬರನ್ನು ಮರೆಯಬಾರದು. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಸತ್ಯೇಂದ್ರನಾಥ ಠಾಕೂರರ ಮನೆಗೆ 22ರ ಹರೆಯದ ತಮ್ಮ ಬಂದಿಳಿದಿದ್ದ. ಕಾಳಿಯ ಅಳಿವೆ, ಕಡಲದಂಡೆ ನೋಡಿ ಮನಸೋತ. ಅವನ ಹೆಸರನ್ನೇ ನಾವು ಆ ಕಡಲದಂಡೆಗೆ ಇಟ್ಟುಕೊಂಡಿದ್ದೇವೆ. ಅದೇ ರವೀಂದ್ರರು 1900ರಲ್ಲಿ ಕರ್ಣ ಕುಂತಿಯರ ಸಂವಾದ ಬರೆದರು. ಅವರ ಕರ್ಣನಿಗೂ ತಾಯಿಯ ಕರೆ ಕೇಳಿ ಎದೆ ನಡುಗುತ್ತದೆ, ಆಸೆಯಾಗುತ್ತದೆ. ಆದರೂ ಸೋಲುವವರ ಪಾಳೆಯಕ್ಕೇ ವಾಪಸು ಹೋಗುತ್ತಾನೆ. ಹಾಗೆಂದು ಯಾರೂ ರವೀಂದ್ರರನ್ನು ಸೂರ್ಯದ್ವೇಷಿ ಎಂದಿಲ್ಲ.

ಹಿರಿಯ ಅರ್ಥಧಾರಿಗಳಿಗೆ ನನ್ನದೊಂದು ಬಿನ್ನಹ. ಮುಂದಿನ ಕರ್ಣಭೇದನದಲ್ಲಿ ಕೃಷ್ಣನ ಅರ್ಥ ನೀವೇ ಹೇಳಿ, ಕಾನೀನನ ಕಲಮು ಎಷ್ಟು ಬೇಕಾದರೂ ಎಳೆಯಿರಿ, ಭಾಗವತರು ಪದ್ಯ ಎತ್ತುವ ತನಕ ನಾನು ಬಾಯಿ ಹಾಕುವುದಿಲ್ಲ. ಕರ್ಣನ ಅರ್ಥ ನನಗಿರಲಿ. ಅಪವಿದ್ಧನ ಶ್ಲೋಕವನ್ನು ನಾನು ಅಲ್ಲಿಯೇ ಹೇಳುತ್ತೇನೆ, ಅದಕ್ಕೆ ನಿಮ್ಮ ಕೃಷ್ಣ ಏನೆನ್ನುತ್ತಾನೆಂದು ಕೇಳಬೇಕು ನನಗೆ.